ವಾಲ್ವ್ ಬದಲಿಸಿದ್ರೆ ಹಾಡು ಬದಲಾಗುತ್ತಾ?

(ಟಿಂಗ್… ಟಿಂಗ್… ಟಿಂಗ್…)

ಈಗ ಕೇಳಿದ್ರಲ್ಲ, ಅದು ದೇವರ ಮನೆ ಗಂಟೆ ಅಲ್ಲ. ಹೆಬ್ಬೆರಳಿನ ಗಾತ್ರದ ಒಂದು ಗಾಜಿನ ವಾಲ್ವ್‌ಗೆ ನಾನು ಪೆನ್ಸಿಲಿನ ಹಿಂಬದಿಯಿಂದ ತಟ್ಟಿದ ಸದ್ದು. ಆದರೆ ಮೈಕ್ ಇಟ್ಟಿದ್ದು ಗಾಜಿನ ಹತ್ತಿರ ಅಲ್ಲ, ರೂಮಿನ ಆ ಮೂಲೆಯಲ್ಲಿರೋ ಸ್ಪೀಕರ್ ಮುಂದೆ. ತಟ್ಟಿದ್ದು ಇಲ್ಲಿ, ಟಿಂಗ್ ಅಂದಿದ್ದು ಅಲ್ಲಿ. ಗಾಜಿನೊಳಗಿನ ತಂತಿಗಳು ಕೂದಲೆಳೆಯಷ್ಟು ಅಲುಗಾಡಿದವು, ಅದರಲ್ಲಿ ಹರೀತಿದ್ದ ಕರೆಂಟೂ ಅಲುಗಾಡಿತು, ಸ್ಪೀಕರ್ ಅದನ್ನೇ ಹಾಡಿತು.

ಅಮೆರಿಕದವರು ಇದನ್ನ ಟ್ಯೂಬ್ ಅಂತಾರೆ. ನಮಗೆ ಟ್ಯೂಬ್ ಅಂದ್ರೆ ಟ್ಯೂಬ್‌ಲೈಟು, ಇಲ್ಲಾಂದ್ರೆ ಸೈಕಲ್ ಟ್ಯೂಬು. ನಮ್ಮ ಹಿರಿಯರು ವಾಲ್ವ್ ರೇಡಿಯೋ ಅಂತಿದ್ರು, ನಾನೂ ವಾಲ್ವ್ ಅಂತಲೇ ಅಂತೀನಿ. ಹಾಡು ಕೇಳೋ ಹುಚ್ಚಿರೋರಲ್ಲಿ ಒಂದು ಪಂಗಡ ಇದೆ. ಅವರ ಪ್ರೀಆಂಪ್, ಅಂದ್ರೆ ರೆಕಾರ್ಡ್ ಪ್ಲೇಯರಿಗೂ ದೊಡ್ಡ ಆಂಪ್ಲಿಫೈಯರಿಗೂ ನಡುವೆ ಕೂರೋ ಪೆಟ್ಟಿಗೆ, ಅದರಲ್ಲಿರೋ ವಾಲ್ವ್ ಚೆನ್ನಾಗಿಯೇ ಇರುತ್ತೆ. ಆದರೂ ಅದನ್ನ ಕಿತ್ತು ಅದೇ ನಂಬರಿನ ಬೇರೆ ಕಂಪನಿಯ ವಾಲ್ವ್ ಹಾಕ್ತಾರೆ. ಕೇಳ್ತಾರೆ. ಮತ್ತೆ ಕೀಳ್ತಾರೆ. ಇದಕ್ಕೆ ಟ್ಯೂಬ್ ರೋಲಿಂಗ್ ಅಂತ ಹೆಸರು. ಇಂಗ್ಲೆಂಡಿನ ಮುಲ್ಲಾರ್ಡ್ ಹಾಕಿದ್ರೆ ದನಿ ಬೆಚ್ಚಗಾಗುತ್ತೆ, ಜರ್ಮನಿಯ ಟೆಲಿಫುಂಕನ್ ಹಾಕಿದ್ರೆ ಕನ್ನಡಿ ಒರೆಸಿದ ಹಾಗೆ ಸ್ವಚ್ಛ ಆಗುತ್ತೆ ಅಂತ ಮಾತು.

ನಾನೂ ಆ ಮಾತು ನಂಬಿ ಆನ್‌ಲೈನ್‌ನಲ್ಲಿ ಒಂದೇ ಒಂದು ವಾಲ್ವ್‌ಗೆ 8,500 ರೂಪಾಯಿ ಕೊಟ್ಟೆ. ಅದನ್ನ ದೊಡ್ಡಪ್ಪನಿಗೆ ತೋರಿಸಿದೆ. ದೊಡ್ಡಪ್ಪ ಚಿತ್ರದುರ್ಗದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು, ಮದುವೆ, ಗಣೇಶನ ಹಬ್ಬಕ್ಕೆ ಮೈಕ್‌ಸೆಟ್ ಬಾಡಿಗೆಗೆ ಕೊಡ್ತಿದ್ದವರು. ಕನ್ನಡಕ ಏರಿಸಿಕೊಂಡು ನೋಡಿದ್ರು, ತಿರುಗಿಸಿದ್ರು, ಕೇಳಿದ್ರು:

“ಮೊದಲು ಇದ್ದ ವಾಲ್ವ್ ಹೋಗಿತ್ತೇನೋ?”

“ಇಲ್ಲ ದೊಡ್ಡಪ್ಪ, ಚೆನ್ನಾಗೇ ಇದೆ.”

“ಮತ್ತೆ ಯಾಕೋ ಕೀಳ್ತೀಯ?”

ನನ್ನ ಹತ್ರ ಉತ್ತರ ಇರಲಿಲ್ಲ. ಈ ಕಂತು ಪೂರ್ತಿ ಆ ಒಂದು ಪ್ರಶ್ನೆಯ ಬಗ್ಗೆ.

ಕಥೆ ಶುರುವಾಗೋದು 1904ರಲ್ಲಿ, ಲಂಡನ್ನಿನಲ್ಲಿ. ಜಾನ್ ಆಂಬ್ರೋಸ್ ಫ್ಲೆಮಿಂಗ್ ಅನ್ನೋ ವಿಜ್ಞಾನಿ ಗಾಳಿ ತೆಗೆದ ಗಾಜಿನೊಳಗೆ ಬಿಸಿ ತಂತಿ ಒಂದು, ಅದರ ಎದುರಿಗೆ ಲೋಹದ ತಗಡು ಒಂದು ಇಟ್ಟ. ಕರೆಂಟ್ ಒಂದೇ ದಿಕ್ಕಿಗೆ ಹರೀತು. ಅದಕ್ಕೇ ವಾಲ್ವ್ ಅಂದ. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೋಡಿರ್ತೀರಲ್ಲ, ನೀರನ್ನ ಮೇಲಕ್ಕೆ ಬಿಡುತ್ತೆ, ವಾಪಸ್ ಬಿಡಲ್ಲ. ಅದೇ ಲೆಕ್ಕ.

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಆ ಎರಡರ ನಡುವೆ ಮೂರನೆಯದೊಂದು ತಂತಿ ಸೇರಿಸಿದ. ಅದು ಗ್ರಿಡ್. ಇದು ಕೆರೆಯ ತೂಬಿನ ಹಾಗೆ. ತೂಬು ಎತ್ತೋಕೆ ಒಬ್ಬನ ಕೈಬಲ ಸಾಕು, ಹರಿಯೋದು ಇಡೀ ಗದ್ದೆ ಬಯಲಿನ ನೀರು. ಗ್ರಿಡ್ಡಿಗೆ ಸಣ್ಣ ಸಿಗ್ನಲ್ ಕೊಟ್ರೆ ತಗಡಿನ ಕಡೆ ಅದೇ ಸಿಗ್ನಲ್ ದೊಡ್ಡದಾಗಿ ಬರುತ್ತೆ. ಮಜಾ ಅಂದ್ರೆ ಡಿ ಫಾರೆಸ್ಟ್‌ಗೆ ತಾನು ಮಾಡಿದ್ದು ಹೇಗೆ ಕೆಲಸ ಮಾಡ್ತಿದೆ ಅಂತ ಸರಿಯಾಗಿ ಅರ್ಥ ಆಗಿರಲಿಲ್ಲ. ಒಳಗೆ ಸ್ವಲ್ಪ ಗ್ಯಾಸ್ ಉಳಿದಿರಲೇಬೇಕು ಅಂದುಕೊಂಡಿದ್ದ. ಅದಕ್ಕೇ ಅವನ ಒಂದು ವಾಲ್ವ್ ಇದ್ದ ಹಾಗೆ ಇನ್ನೊಂದು ಇರ್ತಿರಲಿಲ್ಲ. ಗಾಳಿಯನ್ನ ಪೂರ್ತಿ ತೆಗೆದ್ರೇನೇ ಇದು ನಂಬಿಕೆಗೆ ಯೋಗ್ಯ ಅಂತ ಆಮೇಲೆ ತೋರಿಸಿಕೊಟ್ಟಿದ್ದು ಟೆಲಿಫೋನ್ ಕಂಪನಿಯ, ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು. 1915ರ ಹೊತ್ತಿಗೆ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಫೋನ್ ಮಾತು ಹೋಯ್ತು, ದಾರಿಯುದ್ದಕ್ಕೂ ವಾಲ್ವ್‌ಗಳು ದನಿಯನ್ನ ಎತ್ತಿ ಎತ್ತಿ ಮುಂದಕ್ಕೆ ಕೊಡ್ತಿದ್ವು.

ಇಲ್ಲಿ ಒಂದು ಮಾತು ಗಮನದಲ್ಲಿಟ್ಕೊಳ್ಳಿ. ಅಷ್ಟು ದೂರದ ಲೈನಿನಲ್ಲಿ ಒಂದೊಂದು ವಾಲ್ವ್ ಒಂದೊಂದು ಥರ ವರ್ತಿಸಿದ್ರೆ ಆ ಕಡೆ ಕೇಳೋದು ಮಾತಲ್ಲ, ಬರೀ ಗೊರಗೊರ. ಹಾಗಾಗಿ ಇಂಜಿನಿಯರುಗಳ ಕನಸು ಒಂದೇ ಇತ್ತು: ಯಾವ ವಾಲ್ವ್ ಹಾಕಿದ್ರೂ ಸದ್ದು ಒಂದೇ ಥರ ಇರಬೇಕು. 1927ರ ಆಗಸ್ಟಿನ ಒಂದು ಬೆಳಗ್ಗೆ ಹೆರಾಲ್ಡ್ ಬ್ಲ್ಯಾಕ್ ಅನ್ನೋ ಬೆಲ್ ಲ್ಯಾಬ್ಸ್ ಇಂಜಿನಿಯರ್ ಹಡ್ಸನ್ ನದಿಯ ದೋಣಿಯಲ್ಲಿ ಆಫೀಸಿಗೆ ಹೋಗ್ತಿದ್ದ. ತಲೆಗೆ ಏನೋ ಹೊಳೀತು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪೇಪರಿನ ಮೇಲೇ ಗೀಚಿದ. ಹೊರಗೆ ಬಂದ ಸಿಗ್ನಲ್ಲಿನ ಒಂದು ಪಾಲನ್ನ ತಿರುಗಿಸಿ ಒಳಗೇ ಕೊಟ್ಟರೆ ಆಂಪ್ಲಿಫೈಯರ್ ತನ್ನ ತಪ್ಪನ್ನ ತಾನೇ ತಿದ್ದಿಕೊಳ್ಳುತ್ತೆ. ನೆಗೆಟಿವ್ ಫೀಡ್‌ಬ್ಯಾಕ್. ವಾಲ್ವ್ ಹಳೇದಾಗಲಿ, ಹೊಸದಾಗಲಿ, ಹೆಚ್ಚುಕಮ್ಮಿ ಒಂದೇ ದನಿ. ನಿಮ್ಮ ಫೋನಿನೊಳಗಿನ ಆಡಿಯೋ ಚಿಪ್ಪಿನಲ್ಲೂ ಇವತ್ತು ಕೆಲಸ ಮಾಡ್ತಿರೋದು ಅದೇ ಉಪಾಯ.

ವಾಲ್ವ್ ಬದಲಾಯಿಸೋದು ಆ ಕಾಲದಲ್ಲಿ ಹವ್ಯಾಸ ಆಗಿರಲಿಲ್ಲ, ಬರೀ ರಿಪೇರಿ. ಬಿಸಿ ತಂತಿ ಸವೆಯುತ್ತೆ, ಅದಕ್ಕೇ ಬಲ್ಬಿನ ಹಾಗೆ ಕಿತ್ತು ಹಾಕೋ ಸಾಕೆಟ್. 1950ರ ದಶಕದ ಅಮೆರಿಕದಲ್ಲಿ ಔಷಧಿ ಅಂಗಡಿಯಲ್ಲೂ ವಾಲ್ವ್ ಪರೀಕ್ಷೆ ಮಾಡೋ ಯಂತ್ರ ನಿಂತಿರ್ತಿತ್ತು. ಟಿವಿ ಕೆಟ್ರೆ ಮನೆಯವರೇ ವಾಲ್ವ್‌ಗಳನ್ನೆಲ್ಲ ಚೀಲಕ್ಕೆ ಹಾಕ್ಕೊಂಡು ಹೋಗಿ, ಒಂದೊಂದೇ ಚುಚ್ಚಿ ನೋಡಿ, ಸತ್ತಿದ್ದನ್ನ ಬಿಸಾಕಿ ಅದೇ ನಂಬರಿನ ಹೊಸದು ತರ್ತಿದ್ರು. ಯಾವ ಕಂಪನಿ ಅಂತ ಕೇಳೋರು ಕಮ್ಮಿ, ನಂಬರ್ ಒಂದೇ ಆದ್ರೆ ಆಯ್ತು.

ನಮ್ಮ ಕಥೆಯ ನಾಯಕನ ನಂಬರು 12ಎಎಕ್ಸ್7. ಅಮೆರಿಕದ ಆರ್‌ಸಿಎ ಕಂಪನಿ 1947ರಲ್ಲಿ ಮಾರುಕಟ್ಟೆಗೆ ತಂದಿದ್ದು. ಒಂದೇ ಗಾಜಿನೊಳಗೆ ಎರಡು ವಾಲ್ವ್, ಕೆಳಗೆ 9 ಪಿನ್ನು. ಯುರೋಪಿನವರು ಇದನ್ನೇ ಇಸಿಸಿ83 ಅಂದ್ರು. ಅದಕ್ಕೊಂದು ಲೆಕ್ಕ ಇದೆ. ಇ ಅಂದ್ರೆ ಬಿಸಿ ತಂತಿಗೆ 6.3 ವೋಲ್ಟ್, ಒಂದು ಸಿ ಅಂದ್ರೆ ಒಂದು ಟ್ರಯೋಡ್, ಇನ್ನೊಂದು ಸಿ ಇನ್ನೊಂದು ಟ್ರಯೋಡ್, 8 ಅಂದ್ರೆ 9 ಪಿನ್ನಿನ ಈ ಸಾಕೆಟ್, 3 ಅದರ ಕ್ರಮಸಂಖ್ಯೆ. ಹೈ-ಫೈ ಕಾಲ ಬಂದಾಗ ಎಲ್ಲಿ ನೋಡಿದ್ರೂ ಇದೇ. ಮರಾಂಟ್ಜ್ ಕಂಪನಿಯ ಮಾಡೆಲ್ 7 ಅನ್ನೋ ಪ್ರಸಿದ್ಧ ಪ್ರೀಆಂಪ್‌ನಲ್ಲಿ 6 ಇದ್ವು, ಡೈನಾಕೋದ ಅಗ್ಗದ ಪ್ರೀಆಂಪ್‌ನಲ್ಲಿ 4. ಗಿಟಾರ್ ಆಂಪ್‌ಗಳಲ್ಲಂತೂ ಇವತ್ತಿಗೂ ಇದೇ.

ಸರಿ, ನಂಬರ್ ಒಂದೇ ಆದ್ಮೇಲೆ ವ್ಯತ್ಯಾಸ ಎಲ್ಲಿಂದ ಬರುತ್ತೆ? ಕೈಯಿಂದ ಬರುತ್ತೆ. ಗ್ರಿಡ್ ಅನ್ನೋದು ಎರಡು ಕಡ್ಡಿಗೆ ಸುತ್ತಿದ ಕೂದಲಿಗಿಂತ ಸಣ್ಣ ತಂತಿ. ಅದಕ್ಕೂ ಬಿಸಿಯಾಗೋ ಕ್ಯಾಥೋಡಿಗೂ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಎಷ್ಟೋ ಕಮ್ಮಿ. ಕ್ಯಾಥೋಡಿನ ಮೇಲೆ ಬೇರಿಯಂ, ಸ್ಟ್ರಾಂಷಿಯಂ ಲೇಪನ, ಇದೆಲ್ಲವನ್ನೂ ಹಿಡಿದು ನಿಲ್ಲಿಸೋಕೆ ಅಭ್ರಕದ ಬಿಲ್ಲೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ, ಹಾಲೆಂಡಿನ ಹೇರ್ಲೆನ್‌ನಲ್ಲಿ ಸಾಲಾಗಿ ಕೂತು, ಬಗ್ಗಿ, ಚಿಮಟದಲ್ಲಿ ಹಿಡಿದು ಇದನ್ನ ಜೋಡಿಸ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಸಂದು ಒಂದು ಎಳೆ ಹೆಚ್ಚಾದ್ರೆ ಹಿಗ್ಗಿಸೋ ಶಕ್ತಿ ಒಂದು ಚೂರು ಕಮ್ಮಿ. ಬಿಲ್ಲೆ ಸಡಿಲ ಆದ್ರೆ ಟಿಂಗ್ ಟಿಂಗ್.

ಹಿಗ್ಗಿಸೋ ಶಕ್ತಿ ಚೂರು ಬದಲಾದ್ರೆ ಹಾಡಿನ ದನಿ ಚೂರು ಜೋರಾಗುತ್ತೆ. ಈ ಜೋರು ಅನ್ನೋದು ಬಲು ಮೋಸಗಾರ. ಒಂದು ಡೆಸಿಬಲ್ ಹೆಚ್ಚಾದ್ರೆ ಕಿವಿ ಅದನ್ನ “ಜೋರಾಗಿದೆ” ಅನ್ನಲ್ಲ, “ಚೆನ್ನಾಗಿದೆ” ಅನ್ನುತ್ತೆ. ಟಿವಿ ಅಂಗಡಿಯವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು.

ಇನ್ನು “ಬೆಚ್ಚಗೆ” ಅನ್ನೋ ಮಾತು. ವಾಲ್ವ್ ಯಾವಾಗಲೂ ಸ್ವಲ್ಪ ಬಣ್ಣ ಬೆರೆಸುತ್ತೆ, ಹೆಚ್ಚಾಗಿ ಎರಡನೇ ಹಾರ್ಮೋನಿಕ್. ಸಂಗೀತ ಕಲಿತವರಿಗೆ ಹೇಳೋದಾದ್ರೆ, ನೀವು ಷಡ್ಜ ಹಾಡಿದ್ರೆ ಅದರ ಮೇಲೆ ತಾರಸ್ಥಾಯಿಯ ಷಡ್ಜವನ್ನ ಮೆಲ್ಲಗೆ ಸೇರಿಸಿದ ಹಾಗೆ. ಮೂರನೇ ಹಾರ್ಮೋನಿಕ್ ಆದ್ರೆ ಅದರ ಮೇಲಿನ ಪಂಚಮ. ತಂಬೂರಿ ಮುಂದೆ ಕೂತ ಕಿವಿಗೆ ಇವು ಅಪಸ್ವರ ಅಲ್ಲವೇ ಅಲ್ಲ, ತುಂಬಿದ ದನಿ ಅನ್ನಿಸುತ್ತೆ. ಹಾಗಾಗಿ ವಾಲ್ವ್‌ನ ದನಿ ಇಷ್ಟ ಅನ್ನೋರು ಸುಳ್ಳು ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ: ಈ ಮುಲ್ಲಾರ್ಡಿಗೂ ಆ ಟೆಲಿಫುಂಕನ್ನಿಗೂ ನಡುವಿನ ಬಣ್ಣ ಗುರುತಿಸೋಷ್ಟು ಬೇರೆಯಾ? ಫೀಡ್‌ಬ್ಯಾಕ್ ಇರೋ ಪ್ರೀಆಂಪ್‌ನಲ್ಲಿ ಆ ವ್ಯತ್ಯಾಸ ಕುಗ್ಗಿಹೋಗುತ್ತೆ, ಬ್ಲ್ಯಾಕ್ ದೋಣಿಯಲ್ಲಿ ಗೀಚಿದ್ದೇ ಅದಕ್ಕೆ. ಫೀಡ್‌ಬ್ಯಾಕ್ ಇಲ್ಲದೆ ಕಟ್ಟಿದ ಪ್ರೀಆಂಪ್‌ನಲ್ಲಿ ವಾಲ್ವ್‌ನ ಸ್ವಭಾವ ಹಾಗೇ ಹೊರಗೆ ಬರುತ್ತೆ. ನನ್ನದು ಎರಡನೇ ಥರದ್ದು.

ಅದಕ್ಕೂ ಮೊದಲು ಹೆಸರಿನ ವಿಷಯ. ಮುಲ್ಲಾರ್ಡ್ ಕಂಪನಿ 1927ರಿಂದಲೇ ಪೂರ್ತಿ ಹಾಲೆಂಡಿನ ಫಿಲಿಪ್ಸ್ ಕೈಯಲ್ಲಿತ್ತು. ಅಮೆರಿಕದ ಆಂಪೆರೆಕ್ಸ್ ಕೂಡ ಆಮೇಲೆ ಫಿಲಿಪ್ಸ್ ಬಳಗಕ್ಕೇ ಸೇರಿತು. ಒಂದು ಕಾರ್ಖಾನೆಯಲ್ಲಿ ಕಮ್ಮಿ ಬಿದ್ರೆ ಇನ್ನೊಂದರಿಂದ ತರಿಸಿ ತಮ್ಮ ಹೆಸರು ಒತ್ತೋದು ಮಾಮೂಲು. ಗಾಜಿನ ಮೇಲೆ ಮುಲ್ಲಾರ್ಡ್ ಅಂತ ಇರುತ್ತೆ, ಹುಟ್ಟಿದ್ದು ಹೇರ್ಲೆನ್‌ನಲ್ಲಿ. ಆಂಪೆರೆಕ್ಸ್ ಅಂತ ಇರುತ್ತೆ, ಹುಟ್ಟಿದ್ದು ಬ್ಲ್ಯಾಕ್‌ಬರ್ನ್‌ನಲ್ಲಿ. ನಿಜವಾದ ಜಾತಕ ಗಾಜಿನ ಬುಡದ ಹತ್ತಿರ ಸಣ್ಣಗೆ ಕೊರೆದ ಕೋಡಿನಲ್ಲಿದೆ. ಬಿ ಅಕ್ಷರ ಅಂದ್ರೆ ಬ್ಲ್ಯಾಕ್‌ಬರ್ನ್, ಪುಟ್ಟ ತ್ರಿಕೋನ ಅಂದ್ರೆ ಹೇರ್ಲೆನ್. ಟೆಲಿಫುಂಕನ್ ತನ್ನ ವಾಲ್ವ್‌ನ ತಳದಲ್ಲಿ, ಪಿನ್ನುಗಳ ನಡುವೆ, ಗಾಜಿನಲ್ಲೇ ವಜ್ರದ ಆಕಾರ ಒತ್ತಿರ್ತಿತ್ತು.

ದೊಡ್ಡಪ್ಪ ನನ್ನ 8,500 ರೂಪಾಯಿಯ ವಾಲ್ವ್ ತಿರುಗಿಸಿ ನೋಡಿದ್ದು ತಳವನ್ನೇ. ವಜ್ರ ಇರಲಿಲ್ಲ. ಯಾರೋ ಯಾವುದೋ ವಾಲ್ವ್‌ನ ಅಕ್ಷರ ಒರೆಸಿ ಟೆಲಿಫುಂಕನ್ ಅಂತ ಹೊಸದಾಗಿ ಅಚ್ಚು ಹಾಕಿದ್ರು. ಆ ವಾರಪೂರ್ತಿ ನಾನು ಅದರಲ್ಲಿ ಜರ್ಮನಿಯ ಸ್ವಚ್ಛತೆ ಕೇಳಿದ್ದೆ. ನಿಜವಾಗಿಯೂ ಕೇಳಿದ್ದೆ ಕಣ್ರೀ. ಸ್ನೇಹಿತರನ್ನ ಕರೆದು ಕೂರಿಸಿ ಕೇಳಿಸಿದ್ದೆ.

ಈ ಹೆಸರುಗಳಿಗೆ ಇಷ್ಟು ಬೆಲೆ ಯಾಕೆ ಬಂತು ಅಂದ್ರೆ, ಕಾರ್ಖಾನೆಗಳು ಮುಚ್ಚಿದ್ವು. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತ್ತು. ಅಂದ್ರೆ 12ಎಎಕ್ಸ್7 ಅಂಗಡಿಗೆ ಬಂದ ವರ್ಷವೇ ಅದರ ಯಮನೂ ಬಂದಿದ್ದ. ಒಂದು ತಲೆಮಾರಿನಲ್ಲಿ ಪಶ್ಚಿಮದ ದೇಶಗಳಲ್ಲಿ ರೇಡಿಯೋ ವಾಲ್ವ್ ಮಾಡೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಸೋವಿಯತ್ ಕಡೆ ನಿಲ್ಲಲಿಲ್ಲ. 1976ರಲ್ಲಿ ವಿಕ್ಟರ್ ಬೆಲೆಂಕೋ ಅನ್ನೋ ಪೈಲಟ್ ಮಿಗ್-25 ವಿಮಾನ ಹಾರಿಸಿಕೊಂಡು ಜಪಾನಿನ ಹಕೋಡಾಟೆಗೆ ಓಡಿಬಂದ. ಅದನ್ನ ಬಿಚ್ಚಿ ನೋಡಿದವರಿಗೆ ಒಳಗೆ ವಾಲ್ವ್‌ಗಳು ಕಂಡವು! ಇವತ್ತು ಹೊಸ ಇಸಿಸಿ83 ಬೇಕು ಅಂದ್ರೆ ರಷ್ಯಾದ ಸರಾಟೊವ್, ಸ್ಲೊವಾಕಿಯಾ, ಚೀನಾ ಕಡೆ ನೋಡಬೇಕು. 2022ರ ಮಾರ್ಚ್‌ನಲ್ಲಿ ರಷ್ಯಾದ ರಫ್ತು ನಿಷೇಧದ ಸುದ್ದಿ ಬಂದಾಗ ಗಿಟಾರ್ ಬಾರಿಸೋರು ಬರಗಾಲ ಬಂದ ಹಾಗೆ ವಾಲ್ವ್ ಕೂಡಿಡೋಕೆ ಓಡಿದ್ರು.

ನಾನು ಇಷ್ಟೆಲ್ಲ ಬ್ಲ್ಯಾಕ್‌ಬರ್ನ್, ಹೇರ್ಲೆನ್ ಅಂತ ಹುಡುಕ್ತಿದ್ದಾಗ ನಮ್ಮೂರಲ್ಲೇ ಒಂದು ವಾಲ್ವ್ ಕಾರ್ಖಾನೆ ಇತ್ತು ಅನ್ನೋದು ನನ್ನ ತಲೆಗೇ ಬರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಾಯಲ್ಲಿ ಬಿಇಎಲ್. ಇವತ್ತು ಬಿಇಎಲ್ ಅಂದ್ರೆ ರೇಡಾರ್, ಮತದಾನ ಯಂತ್ರ. ಆದರೆ 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುವಾಯ್ತು. ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಂಥ ಸೆಮಿಕಂಡಕ್ಟರ್ ಸಾಮಾನೂ ಶುರು. ಮಗು ನಡೆಯೋಕೆ ಕಲಿಯೋ ಮೊದಲೇ ಅದರ ತಮ್ಮ ಓಡ್ತಿದ್ದ ಹಾಗೆ. ಆದರೂ ನಮ್ಮ ಊರುಗಳ ರೇಡಿಯೋಗೆ, ಮೈಕ್‌ಸೆಟ್ಟಿಗೆ ಆ ವಾಲ್ವ್‌ಗಳೇ ಜೀವ. ದೊಡ್ಡಪ್ಪನ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಸಣ್ಣ ರಟ್ಟಿನ ಡಬ್ಬಿಗಳಿದ್ವು, ಮೇಲೆ ಬಿಇಎಲ್ ಅಂತ. ಎಷ್ಟೋ ಡಬ್ಬಿ ಬಿಚ್ಚಿಯೇ ಇರಲಿಲ್ಲ.

ಅಂಗಡಿ ಖಾಲಿ ಮಾಡಿದ್ದು ನಾನು. ವಾಲ್ವ್ ಹುಚ್ಚು ಆಗಿನ್ನೂ ಹೊಸದು, ಎಲ್ಲಾ ಬಲ್ಲವನ ಹಾಗೆ ವಿಂಗಡಿಸಿದೆ. ಮೇಡ್ ಇನ್ ಇಂಗ್ಲೆಂಡ್, ಮೇಡ್ ಇನ್ ಹಾಲೆಂಡ್ ಅಂತ ಇದ್ದ ನಾಲ್ಕಾರನ್ನ ಹತ್ತಿಯಲ್ಲಿ ಸುತ್ತಿಟ್ಕೊಂಡೆ. ಬಿಇಎಲ್ ಡಬ್ಬಿಗಳನ್ನ ಎರಡು ಗೋಣಿಚೀಲಕ್ಕೆ ತುಂಬಿ ಗುಜರಿಯವನಿಗೆ ತೂಕಕ್ಕೆ ಕೊಟ್ಟೆ. ದೊಡ್ಡಪ್ಪ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತಿದ್ರು. “ಅದರಲ್ಲಿ ಒಳ್ಳೇವಿವೆ” ಅಂದ್ರು, ಒಂದೇ ಸಲ. “ಇಂಡಿಯಾದ್ದು ದೊಡ್ಡಪ್ಪ, ಯಾರೂ ತಗೊಳ್ಳಲ್ಲ” ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಇವತ್ತು ಹೊರದೇಶದವರು ಬಿಇಎಲ್ ವಾಲ್ವ್‌ಗಳನ್ನ ಹುಡುಕಿ ಕೊಳ್ತಾರೆ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷ. ಹೋದ ದೀಪಾವಳಿಗೆ ದುರ್ಗದ ಮನೆ ಅಟ್ಟದಲ್ಲಿ ಅವರ ಹಳೇ ಮೈಕ್‌ಸೆಟ್ ಆಂಪ್ಲಿಫೈಯರ್ ಸಿಕ್ತು. ಧೂಳು ಒರೆಸಿ ಮುಚ್ಚಳ ತೆಗೆದ್ರೆ ಒಳಗೆ ಎರಡು ಇಸಿಸಿ83, ಎರಡೂ ಬಿಇಎಲ್.

ಪರೀಕ್ಷೆ ಮಾಡಿದ್ದು ತಂಗಿಯ ಜೊತೆ. ನಾನು ಗೋಡೆ ಕಡೆ ಮುಖ ಮಾಡಿ ಕೂತೆ, ಅವಳು ಬದಲಿಸಿದ್ಲು. ಒಂದು ಸ್ನೇಹಿತನಿಂದ ತಂದ ನಿಜವಾದ ಮುಲ್ಲಾರ್ಡ್, ಬಿ ಕೋಡ್ ಇರೋದು, ಇನ್ನೊಂದು ದೊಡ್ಡಪ್ಪನ ಬಿಇಎಲ್. ಒಂದು ಎಚ್ಚರಿಕೆ, ದಯವಿಟ್ಟು ಕೇಳಿ: ಈ ಪೆಟ್ಟಿಗೆಗಳೊಳಗೆ 250ರಿಂದ 300 ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಕೂತಿರುತ್ತೆ. ಆಫ್ ಮಾಡಿ, ಪ್ಲಗ್ ಕಿತ್ತು, ತಣ್ಣಗಾಗೋವರೆಗೆ ಕಾದು, ಆಮೇಲೆ ನೇರವಾಗಿ ಮೇಲಕ್ಕೆ ಎಳೀಬೇಕು. ಮುಚ್ಚಳ ಬಿಚ್ಚಬೇಕು ಅಂದ್ರೆ ಗೊತ್ತಿರೋರನ್ನ ಕರೀರಿ. ಹೀಗೆ ಒಂದೊಂದು ಬದಲಿಗೂ ಕಾಲು ಗಂಟೆ. ಅಷ್ಟು ಹೊತ್ತು ಕಿವಿ ಒಂದು ದನಿಯನ್ನ ನೆನಪಿಟ್ಕೊಳ್ಳುತ್ತಾ? ನನಗೆ ಅನುಮಾನ ಇದೆ, ಇದು ಈ ಹವ್ಯಾಸದ ದೊಡ್ಡ ತೊಡಕು.

ಮೊದಲ 6 ಸುತ್ತಿನಲ್ಲಿ ಆರಕ್ಕೆ ಆರೂ ಸರಿ ಹೇಳಿದೆ. ಉಬ್ಬಿಹೋದೆ. ತಂಗಿ ಕೇಳಿದ್ಲು, “ಅಣ್ಣಾ, ಒಂದು ಸ್ವಲ್ಪ ಜೋರಾಗಿ ಬರ್ತಿದೆ ಅಲ್ವಾ?” ಹೌದು. ಫೋನಿನಿಂದ ಒಂದೇ ಸಮನೆ ಕೂಗೋ ಟೋನ್ ಹಾಕಿ, ಸ್ಪೀಕರ್ ತಂತಿಗೆ ಮಲ್ಟಿಮೀಟರ್ ಹಿಡಿದು, ಪ್ರತಿ ಸಲವೂ ವಾಲ್ಯೂಮ್ ಸಮ ಮಾಡಿದ್ವಿ. ಮುಂದಿನ ಎರಡು ಭಾನುವಾರ, 12 ಸುತ್ತು. ಸರಿ ಬಂದಿದ್ದು 7. ನಾಣ್ಯ ಚಿಮ್ಮಿದ್ರೂ ಅಷ್ಟು ಬರುತ್ತೆ. ಆ ನಕಲಿ ಟೆಲಿಫುಂಕನ್ನನ್ನ ಮಾತ್ರ ಹಾಕಿದ ಪ್ರತಿ ಸಲವೂ ಗುರುತಿಸಿದೆ, ಹಾಡು ನಿಂತಾಗ ಸುಯ್ ಅಂತಿತ್ತು. ಸದ್ದು, ಟಿಂಗ್ ಅನ್ನೋ ರೋಗ, ಜೋರು-ಮೆಲ್ಲಗೆ, ಇವು ನಿಜ, ಇವನ್ನ ಯಾರು ಬೇಕಾದ್ರೂ ಕೇಳಬಹುದು. ಮುಲ್ಲಾರ್ಡಿನ ಬಿಸುಪು ನನ್ನ ಕಿವಿಗೆ, ನನ್ನ ಪೆಟ್ಟಿಗೆಯಲ್ಲಿ, ಕಣ್ಣು ಬಿಟ್ಟಾಗ ಮಾತ್ರ ಸಿಕ್ತು. ನಿಮ್ಮ ಕಿವಿ ಬೇರೆ ಹೇಳಿದ್ರೆ ಜಗಳ ಇಲ್ಲ. ಆದರೆ ಮಲ್ಟಿಮೀಟರ್ ಹಿಡ್ಕೊಳ್ಳಿ, ಒಬ್ಬ ತಂಗಿಯನ್ನೂ ಕೂರಿಸಿಕೊಳ್ಳಿ.

ಮುಲ್ಲಾರ್ಡನ್ನ ಸ್ನೇಹಿತನಿಗೆ ವಾಪಸ್ ಕೊಟ್ಟೆ. ಈಗ ನನ್ನ ಪ್ರೀಆಂಪ್‌ನಲ್ಲಿ ಉರೀತಿರೋದು ಅಟ್ಟದಲ್ಲಿ ಸಿಕ್ಕ ಎರಡರಲ್ಲಿ ಒಂದು. ಕಂತಿನ ಶುರುವಿನಲ್ಲಿ ಟಿಂಗ್ ಅಂದಿದ್ದೂ ಅದೇ. ಹೋದ ತಿಂಗಳಿಂದ ಎಡಗಡೆ ಆಗಾಗ ಚಟಪಟ ಅಂತಿದೆ, ವಯಸ್ಸಾಯ್ತು ಅಂತ ಕಾಣುತ್ತೆ. ಇನ್ನೊಂದು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿದೆ. ಇದು ಪೂರ್ತಿ ಹೋಗೋವರೆಗೆ ಅದನ್ನ ಹಾಕಲ್ಲ.